ಹತ್ತೇ ಅಂಕಿಯ ಮೀಟರ್

ನನ್ನ ಗಡಿಯಾರ ರಿಪೇರಿ ಅಂಗಡಿಯ ಮೇಜಿನ ಮೇಲೆ ಕನ್ನಡಕದ ಹೆಂಗಸೊಬ್ಬರು ಒಂದು ತಗಡಿನ ಬಿಲ್ಲೆ ಇಟ್ಟರು. ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ, ಅಷ್ಟೇ.

"ಮಿಕ್ಕ ಅಂಕಿ ಎಲ್ಲಿ ಬಿದ್ದುಹೋದವು ಮೇಡಂ?" ಅಂದೆ.

"ಇದು ಗಡಿಯಾರ ಅಲ್ಲ ರೀ. ವಿಮಾನ ಎಷ್ಟು ಎತ್ತರದಲ್ಲಿದೆ ಅಂತ ತೋರಿಸೋ ಮೀಟರ್. ಮುಳ್ಳು ಕೂರಿಸಿಕೊಡ್ತೀರಾ?"

"ವಿಮಾನ ಎಲ್ಲಿದೆ?"

"ನಮ್ಮನೆ ಮಹಡಿ ಮೇಲೆ." ಕನ್ನಡಕದ ಮೇಲಿಂದ ನೋಡಿ ನಕ್ಕರು. ಅರವತ್ತೆರಡರ ಮುಖದಲ್ಲಿ ಶಾಲೆ ತಪ್ಪಿಸಿಕೊಂಡ ಹುಡುಗಿಯ ನಗು.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೆಂಡತಿ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಈ ಮೇಡಂ ಟೆಲಿಫೋನ್ ಆಪರೇಟರ್ ಆಗಿ ರಿಟೈರ್ ಆದವರು, ಒಂಟಿ. ಹರೆಯದಲ್ಲಿ ಪೈಲಟ್ ಆಗಲು ಹೋದರೆ ಕಣ್ಣಿನ ಪರೀಕ್ಷೆಯಲ್ಲೇ ವಾಪಸ್ ಕಳಿಸಿದ್ದರಂತೆ. ಈಗ ವಿಮಾನ ಹಾರಿಸೋ ಆಟದ ಕಂಪ್ಯೂಟರ್ ಪರದೆಯ ಮುಂದೆ ಪ್ಲೈವುಡ್ಡಿನ ಕಾಕ್‌ಪಿಟ್ ಕಟ್ಟುತ್ತಿದ್ದರು. ಹಳೇ ಫೋನಿನ ಸ್ವಿಚ್ಚುಗಳು, ನಲ್ಲಿ ಪೈಪಿನ ಹಿಡಿಕೆ, ಕಾಲಿಗೆ ಹೊಲಿಗೆ ಮಷೀನಿನ ಪೆಡಲ್.

ಭಾನುವಾರ ಬಂದರೆ ಅಲ್ಲಿಗೇ ಓಟ. ಸ್ಕ್ರೂ ಕೊಡುವಾಗ ಅವರ ಬೆರಳು ತಾಗಿದರೆ ಆ ಸ್ಕ್ರೂ ಎಲ್ಲಿ ಹಾಕಬೇಕು ಅನ್ನೋದೇ ಮರೆತುಹೋಗುತ್ತಿತ್ತು.

"ಅಪ್ಪಾ, ಆರು ತಿಂಗಳಾಯ್ತು," ಅಂತಿದ್ದಳು ಮಗಳು. "ವಿಮಾನ ಏಳುತ್ತೋ, ನೀನೇ ಹಾರಿಹೋಗ್ತೀಯೋ?"

ವೇಗದ ಮೀಟರ್ ಮುಗಿಯಿತು, ದಿಕ್ಕಿನದೂ ಮುಗಿಯಿತು. ಅವರು ಮೊದಲು ತಂದ ಎತ್ತರದ ಮೀಟರನ್ನೇ ನಾನು ಕೊನೆಗೆ ಉಳಿಸಿಕೊಂಡಿದ್ದೆ. ಅದೂ ಮುಗಿದರೆ ಆ ಮೆಟ್ಟಿಲು ಹತ್ತಲು ನೆಪವೇ ಇರಲಿಲ್ಲ.

ಜೋಡಿಸಿದ ದಿನ ಅವರು ಹಾರಿಸಿದರು. ಪರದೆಯ ಮೇಲೆ ಹತ್ತು ಸಾವಿರ ಅಡಿ. ಮೀಟರಿನ ಚಿಕ್ಕ ಮುಳ್ಳು ಮಾತ್ರ ಎಂಟು ದಾಟಿ ನಿಂತುಬಿಟ್ಟಿತ್ತು.

ಬಿಚ್ಚಿ ನೋಡಿ ತಲೆ ಚಚ್ಚಿಕೊಂಡೆ. ದೊಡ್ಡ ಮುಳ್ಳು ಸಾವಿರ ಅಡಿಗೆ ಒಂದರಂತೆ ಹತ್ತು ಸುತ್ತು ಬಂದರೆ ಚಿಕ್ಕದು ಒಂದು ಸುತ್ತಬೇಕಿತ್ತು. ನಾನು ರೂಢಿಯ ಮೇಲೆ ಗಡಿಯಾರದ ಚಕ್ರ ಹಾಕಿದ್ದೆ, ಹನ್ನೆರಡಕ್ಕೆ ಒಂದು!

"ಬೇಕಂತಲೇ ಮಾಡಿದ್ರಾ?" ಹುಬ್ಬೇರಿಸಿ ಕೇಳಿದರು.

"ಆಣೆಗೂ ಇಲ್ಲ. ಆದರೆ ತಪ್ಪು ಸಿಕ್ಕಾಗ ಖುಷಿ ಆಯ್ತು. ಇನ್ನೊಂದು ಭಾನುವಾರ ಸಿಕ್ಕಿತಲ್ಲ ಅಂತ."

ಅವರು ಅತ್ತ ತಿರುಗಿ ಕಂಪ್ಯೂಟರ್ ಆರಿಸಿದರು. ಬಾಯಿ ಜಾರಿತಲ್ಲಪ್ಪಾ ಅಂದುಕೊಂಡು ಚೀಲ ಎತ್ತಿಕೊಂಡು ಬಂದೆ. ಆ ವಾರವೆಲ್ಲ ಅಂಗಡಿಯಲ್ಲಿ ಕೂತು ಹತ್ತಕ್ಕೆ ಒಂದರ ಚಕ್ರ ಮಾಡಿದೆ.

ಭಾನುವಾರ ಹೊಸ ಚಕ್ರ ಹಿಡಿದು ಹೋದೆ. ಕಾಕ್‌ಪಿಟ್‌ನಲ್ಲಿ ಒಂದೇ ಇದ್ದ ಕುರ್ಚಿ ಎರಡಾಗಿತ್ತು.

"ಇದೇನಿದು?"

"ನೆಪ ಹುಡುಕೋರಿಗೆ ಸೀಟು. ನನ್ನ ಕಣ್ಣಿನ ವಿಷಯ ಗೊತ್ತಲ್ಲ? ಮೀಟರ್ ಓದಿ ಹೇಳೋಕೆ ದಿನಾ ಒಬ್ಬರು ಬೇಕು."

"ದಿನಾನಾ?"

"ಯಾಕೆ, ಅಂಗಡೀಲಿ ಅಷ್ಟೊಂದು ಗಿರಾಕಿ ಇದ್ದಾರಾ?"

ಚಕ್ರ ಕೂರಿಸಿ ಪಕ್ಕದಲ್ಲಿ ಕುಳಿತೆ. ನೆಲ ಬಿಟ್ಟೆವು.

"ಹತ್ತು ಸಾವಿರ," ಅಂದೆ. ಎರಡೂ ಮುಳ್ಳು ಸೊನ್ನೆಯಲ್ಲಿ ಒಂದರ ಮೇಲೊಂದು ನಿಂತಿದ್ದವು. ಅವರ ಕೈ ಹಿಡಿಕೆಯ ಮೇಲಿತ್ತು, ನನ್ನದು ಅವರ ಕೈ ಮೇಲೆ. ಕೆಳಗಿಳಿಯೋಣ ಅಂತ ಇಬ್ಬರೂ ಅನ್ನಲಿಲ್ಲ.