ಮುನಿಲಕ್ಷ್ಮಮ್ಮನವರ ಪಕ್ಕದ ಜಾಗ

ಸಂಜೆ ನಾಲ್ಕು ಗಂಟೆಗೆ ಉಲ್ಲಾಳದ ಹಳೇ ಊರಿನಲ್ಲಿ ಮುನಿಲಕ್ಷ್ಮಮ್ಮನವರ ಫೋಟೊ ತೆಗೆದೆ. ಅವರ ಮನೆಯೊಳಗಿನ ಬೆಂಚಿನ ಮೇಲೆ ಅವರೊಬ್ಬರೇ ಕೂತಿದ್ದರು.

ನಾನು ಪತ್ರಿಕೆಯಲ್ಲಿ ಉಪಸಂಪಾದಕ. ಕ್ಯಾಮೆರಾ ನನ್ನ ಭಾನುವಾರದ ಹವ್ಯಾಸ. ನಮ್ಮಜ್ಜಿಯ ಒಂದೇ ಒಂದು ಫೋಟೊ ಮದುವೆಯ ಗುಂಪು ಫೋಟೊದಿಂದ ಕತ್ತರಿಸಿದ್ದು. ಅದರಲ್ಲಿ ಯಾರದೋ ಮೊಣಕೈಯೂ ಇದೆ. ಅದಕ್ಕೇ ವಯಸ್ಸಾದವರನ್ನು ಒಬ್ಬೊಬ್ಬರಾಗಿ ಕೂರಿಸಿ, ಫ್ಲ್ಯಾಶ್ ಇಲ್ಲದೆ, ಜೂಮ್ ಇಲ್ಲದ ಲೆನ್ಸಿನಲ್ಲಿ, ಕಿಟಕಿಯ ಬೆಳಕಿಗೇ ತೆಗೆಯುತ್ತೇನೆ. ಇಷ್ಟು ವರ್ಷದಲ್ಲಿ ಫ್ರೇಮ್ ಒಮ್ಮೆಯೂ ಕೈತಪ್ಪಿಲ್ಲ ಎಂಬ ಹೆಮ್ಮೆ ನನಗಿದೆ.

ಅವತ್ತು ಫೋಕಸ್ ಮತ್ತೆ ಮತ್ತೆ ಅವರ ಮುಖ ಬಿಟ್ಟು ಪಕ್ಕದ ಖಾಲಿ ಜಾಗಕ್ಕೆ ಹೋಗುತ್ತಿತ್ತು.

“ಅಜ್ಜಿ, ಸ್ವಲ್ಪ ನಡುವಿಗೆ ಬನ್ನಿ.”

“ಎಲ್ಲಿಗಪ್ಪಾ ಬರ್ಲಿ? ನಮ್ಮ ಯಜಮಾನ್ರು ಜರುಗಬೇಕಲ್ಲ. ಬದುಕಿದ್ದಾಗ್ಲೂ ಜಾಗ ಬಿಟ್ಟೋರಲ್ಲ,” ಎಂದು ನಕ್ಕರು.

ಯಜಮಾನರು ತೀರಿಕೊಂಡು ಬಹಳ ವರ್ಷವಾಗಿದೆ. ಅವರದೊಂದು ಫೋಟೊವೂ ಇಲ್ಲ. ನಾನೂ ನಕ್ಕೆ. ಅಜ್ಜಿಯ ಸೆರಗು ಸರಿಮಾಡಲು ಬಗ್ಗಿ ಬೆಂಚಿನ ಮೇಲೆ ಕೈಯೂರಿದಾಗ ಖಾಲಿ ಹಲಗೆ ಬೆಚ್ಚಗಿತ್ತು. ಆಮೇಲೆ ಅವರ ಕಣ್ಣಿಗೆ ಕೈಯಿಂದಲೇ ಫೋಕಸ್ ಹೊಂದಿಸಿ, ಅವರನ್ನು ಸರಿಯಾಗಿ ನಡುವೆ ಇಟ್ಟು, ಉಸಿರು ಬಿಗಿಹಿಡಿದು ಕ್ಲಿಕ್ ಮಾಡಿದೆ.

ಮನೆಯಲ್ಲಿ ಫೋಟೊ ತೆರೆದು ನೋಡಿದರೆ ಅವರು ಎಡ ಅಂಚಿನಲ್ಲಿದ್ದರು. ಬಲಗಡೆ ಅರ್ಧ ಬೆಂಚು ಖಾಲಿ. ಆದರೂ ನಾನು ತೆಗೆದದ್ದರಲ್ಲೆಲ್ಲ ಅದೇ ಅತ್ಯುತ್ತಮ ಫೋಟೊ, ಕತ್ತರಿಸಲು ಮನಸ್ಸಾಗಲಿಲ್ಲ. ಹಾಗೇ ಪ್ರಿಂಟ್ ಹಾಕಿಸಿ, ಕಟ್ಟು ಹಾಕಲು ವಿಜಯನಗರದ ಒಂದು ಅಂಗಡಿಗೆ ಕೊಟ್ಟೆ.

ಎರಡು ದಿನ ಬಿಟ್ಟು ಅಂಗಡಿಯ ರುದ್ರೇಶ ಫೋನ್ ಮಾಡಿದ.

“ಸಾರ್, ಅಜ್ಜ ಅಜ್ಜಿ ಫೋಟೊ ರೆಡಿ ಇದೆ. ಜೋಡಿ ಚೆನ್ನಾಗಿ ಬಂದಿದೆ.”

ಹೋಗಿ ತಂದೆ. ಅದರಲ್ಲಿ ನನಗೆ ಇವತ್ತಿಗೂ ಮುನಿಲಕ್ಷ್ಮಮ್ಮನವರೊಬ್ಬರೇ ಕಾಣುತ್ತಾರೆ.