ಹಗ್ಗ ಕಟ್ಟಿಸಿಕೊಂಡು ಬಂದ ಕಾರು

"ಈ ಗಾಡಿ ನಮ್ಮ ಅಂಗಡಿ ಮುಂದೆ ನಿಲ್ಲಿಸ್ಬೇಡಿ."

ಅರ್ಪಿತ ತಲೆ ಎತ್ತದೆಯೇ ಹೇಳಿದಳು. ಎತ್ತುವ ಅಗತ್ಯವೂ ಇರಲಿಲ್ಲ. ಅಂಥ ಕೆಂಪು ಸ್ಪೋರ್ಟ್ಸ್ ಕಾರು ದೊಡ್ಡಬಳ್ಳಾಪುರಕ್ಕೆಲ್ಲ ಒಂದೇ. ಅದನ್ನು ಟ್ರ್ಯಾಕ್ಟರ್ ಹಿಂದೆ ಹಗ್ಗ ಕಟ್ಟಿಸಿಕೊಂಡು ಘಾಟಿ ರಸ್ತೆಯಲ್ಲಿ ತರುವ ಗಂಡಸೂ ಒಬ್ಬನೇ. ಆ ಗಂಡಸಿನ ಮುಖ ನೋಡಬಾರದು ಎಂದು ಅವಳು ಎರಡು ತಿಂಗಳ ಹಿಂದೆಯೇ ತೀರ್ಮಾನ ಮಾಡಿಯಾಗಿತ್ತು.

"ಅರ್ಪಿತ, ಒಂದ್ಸಲ ನೋಡು..."

"ನೋಡಿ ಅನ್ನಿ. ನಾನಿಲ್ಲಿ ಎಲೆಕ್ಟ್ರಿಷಿಯನ್. ನೀವು ಗಿರಾಕಿ."

ಮಂಜೇಶ್ ಕಾರಿನಿಂದ ಇಳಿದು ಬಾಗಿಲು ಮುಚ್ಚಿದ. ಇಲ್ಲೇ ನಿಂತರೆ ತನಗೂ ಬೈಗುಳ ಬಿದ್ದೀತು ಅನ್ನಿಸಿತೋ ಏನೋ, ಟ್ರ್ಯಾಕ್ಟರಿನವನು ಹಗ್ಗ ಬಿಚ್ಚಿಕೊಂಡು ಹೊರಟೇ ಹೋದ.

ಆಗ ಕಾರಿನ ಇನ್ನೊಂದು ಬಾಗಿಲು ತೆರೆಯಿತು. ಅಷ್ಟು ತಗ್ಗಿನ ಸೀಟಿನಿಂದ ಏಳಲಾರದೆ ಎದ್ದು, ಸೆರಗು ಸರಿಮಾಡಿಕೊಳ್ಳುತ್ತಾ ಇಳಿದವರು ಮುನಿಲಕ್ಷ್ಮಮ್ಮ. ಮಂಜೇಶನ ತಾಯಿ.

ಅರ್ಪಿತ ಈಗ ತಲೆ ಎತ್ತಿದಳು. 'ಅಮ್ಮನ್ನೂ ಕರ್ಕೊಂಡ್ ಬಂದಿದಾನೆ... ಯಾಕೆ? ನನ್ನ ತಪ್ಪನ್ನ ಅವರ ಕಣ್ಣಿಗೆ ತೋರಿಸೋಕಾ?'

ಅವಳ ಕೋಪ ಅರ್ಥವಾಗಬೇಕಾದರೆ ಆ ಕಾರಿನ ಕಥೆ ತಿಳಿಯಬೇಕು.

ದ್ರಾಕ್ಷಿ ತೋಟದ ಮಂಜೇಶನಿಗೆ ಹಳೇ ಕಾರಿನ ಹುಚ್ಚು. ಬೆಂಗಳೂರಿನಲ್ಲಿ ಯಾರೋ ಮೂಲೆಗೆ ತಳ್ಳಿದ್ದ ಈ ಎರಡೇ ಸೀಟಿನ ಕಾರನ್ನು ತಂದವನು, ವೈರಿಂಗ್ ಮಾಡಿಸಲು ಗೋಪಾಲಪ್ಪನ ಅಂಗಡಿಗೆ ಬಂದ. ಗೋಪಾಲಪ್ಪನಿಗೆ ಕಣ್ಣು ಮಂಜಾದ ಮೇಲೆ ಅಂಗಡಿ ನಡೆಸುತ್ತಿದ್ದವಳು ಮಗಳು ಅರ್ಪಿತ. ಇಲಿ ಕಡಿದ ವೈರನ್ನೆಲ್ಲ ಕಿತ್ತೆಸೆದು ಅವಳು ಹೊಸದು ಎಳೆದಳು. ಬೇಸಿಗೆ ಪೂರ್ತಿ ಅವನು ಪಕ್ಕದಲ್ಲಿ ಕೂತು ಟಾರ್ಚ್ ಹಿಡಿದ. ಬೆಳಕು ವೈರಿನ ಮೇಲೆ ಬಿದ್ದಿದ್ದಕ್ಕಿಂತ ಅವಳ ಮುಖದ ಮೇಲೆ ಬಿದ್ದದ್ದೇ ಹೆಚ್ಚು. ಮಾತು ಎರಡೂ ಮನೆಗಳಿಗೆ ಹೋಯಿತು, ಹೂ ಮುಡಿಸುವ ಶಾಸ್ತ್ರಕ್ಕೆ ದಿನವೂ ಗೊತ್ತಾಯಿತು.

ಆ ದಿನ ಅರ್ಪಿತ ರೇಷ್ಮೆ ಸೀರೆ ಉಟ್ಟು ಕಾದಳು. ಗಂಡಿನ ಕಡೆಯವರು ಬರಲೇ ಇಲ್ಲ.

ಅವಳು ವೈರ್ ಎಳೆದ ಅದೇ ಕಾರು ಅರ್ಧ ದಾರಿಯಲ್ಲಿ ಬ್ಯಾಟರಿ ಸತ್ತು ನಿಂತಿತ್ತು. ಹಿಂದಿನ ವ್ಯಾನಿನಲ್ಲಿದ್ದ ಮಂಜೇಶನ ಸೋದರಮಾವ ಅಪ್ಪಯ್ಯಣ್ಣ ಇಳಿದು ಬಂದು, "ಅವಳು ಎಳೆದ ವೈರೇ ಹಿಂಗೆ, ಇನ್ನು ಅವಳು ಮಾಡೋ ಸಂಸಾರ ಹೆಂಗಿರ್ತದೆ? ಶಕುನ ಸರಿಯಿಲ್ಲ, ನಡೀರಿ ಮನೆಗೆ" ಎಂದರಂತೆ. ಎಲ್ಲರೂ ವಾಪಸ್ ಹೊರಟರು. ಮಂಜೇಶನೂ ಹೊರಟ. ಒಂದೇ ಒಂದು ಮಾತೂ ಆಡಲಿಲ್ಲವಂತೆ.

ಅದೇ ಅವಳನ್ನು ಸುಟ್ಟದ್ದು. ಊರಲ್ಲಿ ಮಾತು ಹಬ್ಬಿ ಗಿರಾಕಿಗಳು ಪಕ್ಕದ ಬೀದಿಯ ಅಂಗಡಿ ಹುಡುಕತೊಡಗಿದರು. ಅವಳು ಅವನ ನಂಬರ್ ಬ್ಲಾಕ್ ಮಾಡಿದಳು.

"ಏನಾಗಿದೆ ಗಾಡಿಗೆ?" ಅವಳ ದನಿ ಗಟ್ಟಿಯಾಗಿತ್ತು.

"ಅವತ್ತಿಂದ ಹಿಂಗೇ. ಬ್ಯಾಟರಿ ಚಾರ್ಜ್ ಮಾಡ್ಸಿ ಹಾಕ್ತೀನಿ, ಒಂದಷ್ಟು ದೂರ ಓಡುತ್ತೆ, ಮತ್ತೆ ಡೌನ್. ಹೊಸ ಬ್ಯಾಟರಿನೂ ಹಾಕ್ದೆ. ದಾಬಸ್‌ಪೇಟೆಲಿ ಒಬ್ರಿಗೆ ತೋರಿಸ್ದೆ. ವೈರಿಂಗೇ ಸರಿಯಿಲ್ಲ ಅಂದ್ರು."

ಅವಳು ಸ್ಪ್ಯಾನರನ್ನು ಬೆಂಚಿನ ಮೇಲೆ ಎಸೆದ ರಭಸಕ್ಕೆ ಒಳಗಿದ್ದ ಗೋಪಾಲಪ್ಪ ಕೆಮ್ಮಿದರು.

"ಬಾನೆಟ್ ತೆಗೀರಿ. ಅಮ್ಮ, ನೀವೂ ಹತ್ರ ಬಂದು ನಿಂತ್ಕೊಳ್ಳಿ. ತಪ್ಪು ನಂದೇ ಆಗಿದ್ರೆ ನಾನೇ ಬಾಯಿಬಿಟ್ಟು ಹೇಳ್ತೀನಿ. ಇವತ್ತೇ ಈ ಅಂಗಡಿ ಬೋರ್ಡ್ ಇಳಿಸ್ತೀನಿ."

ಮುನಿಲಕ್ಷ್ಮಮ್ಮ ಬಂದು ಬಾನೆಟ್ ಪಕ್ಕ ನಿಂತರು.

ಅರ್ಪಿತ ಅಂಗಡಿಯ ಒಳ್ಳೆ ಬ್ಯಾಟರಿ ತಂದು ಕೂರಿಸಿ ಇಂಜಿನ್ ಶುರು ಮಾಡಿದಳು. ಬ್ಯಾಟರಿಗೆ ಹಚ್ಚಿದ ಮೀಟರ್ ಹನ್ನೆರಡೂವರೆ ವೋಲ್ಟ್ ತೋರಿಸಿತು. ಮಂಜೇಶನಿಂದ ಆಕ್ಸಿಲರೇಟರ್ ಒತ್ತಿಸಿದಳು. ಮುಳ್ಳು ಅಲ್ಲಾಡಲಿಲ್ಲ. ಚಾರ್ಜ್ ಆಗುತ್ತಿದ್ದರೆ ಹದಿನಾಲ್ಕರ ಹತ್ತಿರ ಏರಬೇಕಿತ್ತು. ಇಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿನ ಬೆಲ್ಟ್ ನೋಡಿದಳು, ಬಿಗಿಯಾಗಿಯೇ ಇತ್ತು.

"ಓಡ್ತಿರೋವಾಗ್ಲೇ ಈ ಬ್ಯಾಟರಿ ಟರ್ಮಿನಲ್ ಎತ್ತಿ ನೋಡ್ಲಾ? ಇಂಜಿನ್ ಆಫ್ ಆದ್ರೆ ಆಲ್ಟರ್ನೇಟರ್ ಹೋಗಿದೆ ಅಂತ ಗೊತ್ತಾಗುತ್ತಲ್ಲ..." ಮಂಜೇಶ್ ಇಳಿದು ಬಂದು ಕೈ ಚಾಚಿದ.

ಅವಳು ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದಳು.

"ಹಂಗೆ ಎತ್ತಿದ್ರೆ ಚೆನ್ನಾಗಿರೋ ಆಲ್ಟರ್ನೇಟರೂ ಸುಟ್ಟೋಗುತ್ತೆ. ಎಷ್ಟ್ ಸಲ ಹೇಳಿದೀನಿ ನಿಂಗೆ?"

ನಿಂಗೆ ಅಂದುಬಿಟ್ಟಿದ್ದಳು. ಅವನ ಕೈಯನ್ನು ಬಿಡುವುದೂ ಒಂದು ಕ್ಷಣ ತಡವಾಯಿತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಇಂಜಿನ್ ನಿಲ್ಲಿಸಿ, ಕೀ ಮಾತ್ರ ತಿರುಗಿಸಿಟ್ಟು, ಆಲ್ಟರ್ನೇಟರಿನ ವೈರುಗಳನ್ನು ಪರೀಕ್ಷಿಸಿದಳು. ದಪ್ಪ ವೈರಿನಲ್ಲಿ ಕರೆಂಟ್ ಇತ್ತು. ಸಣ್ಣದರಲ್ಲಿ ಇರಲಿಲ್ಲ.

ಆ ಸಣ್ಣ ವೈರ್ ಅವಳೇ ಎಳೆದದ್ದು. 'ದೇವ್ರೇ... ನಂದೇ ತಪ್ಪಾ?'

ಆ ವೈರ್ ಡ್ಯಾಶ್‌ಬೋರ್ಡಿನಿಂದ ಬರುತ್ತಿತ್ತು. ಬಗ್ಗಿ ಒಳಗೆ ನೋಡಿದಳು. ಇಂಜಿನ್ ಆಯಿಲಿನ ಹಳದಿ ದೀಪ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪವೂ ಉರಿಯಬೇಕಿತ್ತು. ಅಲ್ಲಿ ಕತ್ತಲೆ. ಸ್ಕ್ರೂ ಬಿಚ್ಚಿ ಡ್ಯಾಶ್‌ಬೋರ್ಡ್ ಎಳೆದಳು. ಅವಳ ವೈರ್ ಎರಡೂ ತುದಿಯಲ್ಲಿ ಅವಳು ಕಟ್ಟಿದ ಹಾಗೇ ಇತ್ತು. ಹೋಲ್ಡರ್ ಮಾತ್ರ ಖಾಲಿ.

"ಇಲ್ಲಿದ್ದ ಬಲ್ಬ್ ಎಲ್ಲಿ?"

ಮಂಜೇಶ್ ತಾಯಿಯ ಕಡೆ ನೋಡಿದ. "ಅದು... ನಾನೇ ತೆಗ್ದೆ."

"ಯಾಕೆ?"

"ತೆಗೆಸಿದ್ದು ನಾನು ಕಣಮ್ಮ." ಮುನಿಲಕ್ಷ್ಮಮ್ಮ ಮುಂದೆ ಬಂದರು. "ಶಾಸ್ತ್ರದ ಹಿಂದಿನ ದಿನ ಗಾಡಿ ತೊಳ್ದು ಪೂಜೆ ಮಾಡ್ತಿದ್ದೆ. ಕೀ ತಿರುಗಿಸ್ತಿದ್ದಂಗೆ ಕೆಂಪು ದೀಪ ಹತ್ಕೊಳ್ತು. ಒಳ್ಳೆ ಕೆಲಸಕ್ಕೆ ಹೊರಡೋವಾಗ ಕೆಂಪು ದೀಪ ಕಾಣಿಸಬಾರ್ದು, ನಿಮ್ ಮಾವ ನೋಡಿದ್ರೆ ಹೊರಡೋಕೇ ಬಿಡಲ್ಲ, ತೆಗ್ದಾಕು ಅಂತ ಇವ್ನಿಗೆ ಅಂದೆ."

ಅರ್ಪಿತ ನಗಬೇಕೋ ಅಳಬೇಕೋ ತಿಳಿಯದೆ ಕೂತಳು.

"ಅದು ಬರೀ ದೀಪ ಅಲ್ಲಮ್ಮ. ಈ ಹಳೇ ಆಲ್ಟರ್ನೇಟರ್ ತಾನಾಗೇ ಏಳಲ್ಲ. ಆ ಬಲ್ಬ್ ಮೂಲಕ ಹೋಗೋ ಚೂರು ಕರೆಂಟೇ ಅದನ್ನ ಎಬ್ಬಿಸೋದು. ಬಲ್ಬ್ ತೆಗ್ದ್ರೆ ಎಷ್ಟ್ ಓಡಿದ್ರೂ ಚಾರ್ಜ್ ಆಗಲ್ಲ."

ಡಬ್ಬಿಯಿಂದ ಬಲ್ಬ್ ತೆಗೆದು ಹಾಕಿದಳು. ಕೀ ತಿರುಗಿಸಿದಾಗ ಕೆಂಪು ದೀಪ ಹತ್ತಿತು, ಇಂಜಿನ್ ಶುರುವಾದ ಮೇಲೆ ಆರಿತು. ಮೀಟರ್ ಹದಿನಾಲ್ಕಕ್ಕೆ ಏರಿ ನಿಂತಿತು.

ಮಂಜೇಶ್ ಉಸಿರು ಬಿಟ್ಟು ನಕ್ಕ. "ಸದ್ಯ... ನಿನ್ ತಪ್ಪೇನೂ ಇಲ್ಲ."

ಅಷ್ಟೇ ಸಾಕಾಯಿತು. ಅರ್ಪಿತ ಎದ್ದು ಅವನ ಎದುರಿಗೆ ನಿಂತಳು.

"ಸದ್ಯವಾ? ತಪ್ಪು ನಂದೇ ಆಗಿದ್ರೆ ಏನ್ ಮಾಡ್ತಿದ್ದೆ? ಅವತ್ತಿನಂಗೇ ಹೊರಟೋಗ್ತಿದ್ಯಾ? ನಾನೆಳೆದ ಒಂದು ವೈರ್ ಕೆಟ್ರೆ ನನ್ನೇ ಬಿಟ್ಬಿಡ್ಬೋದಾ ಮಂಜೇಶ್? ನನ್ ಕೆಲಸ ಪರೀಕ್ಷೆ ಮಾಡೋಕೆ ಅಮ್ಮನ್ನೂ ಕರ್ಕೊಂಡ್ ಬಂದ್ಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ತಡೆದಿಟ್ಟ ಕಣ್ಣೀರು ಈಗ ಅವಳ ಮಾತು ಕೇಳಲಿಲ್ಲ.

ಉತ್ತರ ಕೊಟ್ಟವರು ಮುನಿಲಕ್ಷ್ಮಮ್ಮ. "ಪರೀಕ್ಷೆಗಲ್ಲ ಕಣಮ್ಮ. ಬೆಳಗ್ಗೆ ಮನೇಲೇ ಹೇಳ್ದ. ಗಾಡೀಲಿ ಏನೇ ಸಿಗ್ಲಿ, ತಪ್ಪು ಅವಳದ್ದೇ ಇರ್ಲಿ, ಮದ್ವೆ ಆದ್ರೆ ಅವಳನ್ನೇ, ಹೆಣ್ಣು ಕೇಳೋಕ್ ಬರೋದಾದ್ರೆ ಗಾಡಿ ಹತ್ತು ಅಂದ. ಅವರ ಮಾವನ ಹತ್ರನೂ ಜಗಳ ಆಡ್ಕೊಂಡಿದಾನೆ. ಆ ಮಾವ ಇನ್ಮೇಲೆ ನಮ್ಮನೆ ಹೊಸ್ಲು ತುಳಿಯಲ್ಲ ಅಂತ ಹೋದ. ನಾನು ಸುಮ್ನೆ ಹಗ್ಗದ ಹಿಂದೆ ಕೂತ್ಕೊಂಡ್ ಬಂದ್ನಾ?"

ಹಾಗೆ ಹೇಳಿ ಅವರು ಗೋಪಾಲಪ್ಪನನ್ನು ಮಾತಾಡಿಸಲು ಒಳಗೆ ಹೋದರು.

ಅರ್ಪಿತ ಅವನನ್ನೇ ನೋಡಿದಳು. "ಈ ಮಾತು ಅವತ್ತು ಎಲ್ಲಿತ್ತು?"

"ಹೆದರ್ಕೊಂಡೆ." ಮಂಜೇಶ್ ನೆಲ ನೋಡಲಿಲ್ಲ, ಅವಳನ್ನೇ ನೋಡುತ್ತಾ ಹೇಳಿದ. "ನಿನ್ ವೈರೇ ಇರ್ಬೋದು ಅಂತ ನಂಗೂ ಅನ್ನಿಸ್ತು. ಇದ್ರೇನಂತೆ ಅಂತ ಎಲ್ರ ಮುಂದೆ ಹೇಳೋಕೆ ಬಾಯಿ ಬರ್ಲಿಲ್ಲ. ನಾನ್ ಮಾಡಿದ್ ತಪ್ಪು ಅದು, ಬಲ್ಬ್ ತೆಗ್ದಿದ್ದಲ್ಲ. ನಿನ್ನ ಬಿಟ್ಟು ನಂಗೆ ಇರೋಕಾಗ್ತಿಲ್ಲ, ಅರ್ಪಿತ."

ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳೋ ಅವಳಿಗೇ ಗೊತ್ತು. ಆದರೂ ಕೋಪ ಎಲ್ಲಿಗೂ ಹೋಗಲಿಲ್ಲ. ಪ್ರೀತಿಯೂ ಹೋಗಿರಲಿಲ್ಲ, ಅದೇ ದೊಡ್ಡ ತೊಂದರೆ.

"ಕೋಪ ಹೋಯ್ತಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ."

"ಯಾವಾಗ ಹೋಗುತ್ತೆ?"

"ಗೊತ್ತಿಲ್ಲ. ನಿನ್ನ ಬೈಯೋದು ಇನ್ನೂ ಬಹಳ ಇದೆ."

"ಹೋಗಿ ಇನ್ನೊಂದ್ ದಿನ ಬರ್ಲಾ?"

ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು. ಬೆಂಚಿನ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ಅವನ ಕಡೆ ತಳ್ಳಿದಳು.

"ಇಲ್ಲೇ ಕೂತು ಬೈಸ್ಕೋ. ಈ ಸಲ ಮಧ್ಯದಲ್ಲಿ ಎದ್ದು ಹೋದ್ರೆ ನೋಡು."

ಮಂಜೇಶ್ ಕೂತ.

"ಶುರು ಮಾಡು," ಎಂದ.