ಜೇಬಿನಲ್ಲೇ ಉಳಿದ ಕೈ

ನವೆಂಬರ್ ಹದಿನಾಲ್ಕು, ಗುರುವಾರ ಸಂಜೆ. ಓಕ್ಲಹೋಮಾದ ಹಾರ್ಮನ್ ಕ್ರೀಕ್ ಶೆರಿಫ್ ಠಾಣೆಗೆ ಆಸ್ಪತ್ರೆಯಿಂದ ಫೋನ್ ಬಂತು. ತೊಡೆಗೆ ಗುಂಡು ತಗುಲಿದ ಡೆಲ್ ರಕರ್ ಎಂಬಾತ ದೂರು ಕೊಡುತ್ತಾನಂತೆ. ಇನ್‌ಸ್ಪೆಕ್ಟರ್ ಗಾರ್ಲಂಡ್ ಯಾಂಡೆಲ್ ಡೆಪ್ಯುಟಿ ಟಿಲ್ಡಾಳನ್ನು ಕರೆದುಕೊಂಡು ಹೊರಟ.

"ಯಾರು ಹೊಡೆದಿದ್ದು?" ಡೆಲ್‌ನ ಮಂಚದ ಪಕ್ಕ ನಿಂತು ಯಾಂಡೆಲ್ ಕೇಳಿದ.

"ಇನ್ಯಾರು? ನನ್ನ ಮಾಜಿ ಹೆಂಡ್ತಿ ವೈನೋನಾ. ಅವಳ ಹೋಟೆಲ್ ಹಿಂದೆ ನನ್ನ ಪಾಡಿಗೆ ನಿಂತಿದ್ದೆ. ನಾಲ್ಕು ಮಾರು ದೂರದಿಂದ ಗುರಿಯಿಟ್ಟು ಹೊಡೆದ್ಲು."

"ಪಿಸ್ತೂಲು ನೋಡಿದ್ಯಾ?"

"ಕೈಯಲ್ಲಿ ಹೊಳೀತಿತ್ತು ಸಾರ್!"

ಡೆಲ್ ಅವಳ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯದ ಆಜ್ಞೆಯಿತ್ತು. ಅದನ್ನು ಮೀರಿ ಅಲ್ಲಿಗೆ ಹೋದದ್ದೇಕೆ ಎಂಬ ಪ್ರಶ್ನೆಗೆ ಅವನು ಗೋಡೆಯ ಕಡೆ ತಿರುಗಿಕೊಂಡ.

ವೈನೋನಾ ಓಡಿಹೋಗಿರಲಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಬೀನ್ಸ್ ಕಲಕುತ್ತಿದ್ದಳು.

"ಬಂದ್ರಾ ಸಾಹೇಬ್ರೇ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋಕೆ? ಎರಡು ಸಲ ಠಾಣೆಗೆ ಬಂದೆ. 'ಅವನಿನ್ನೂ ಏನೂ ಮಾಡಿಲ್ವಲ್ಲಮ್ಮ' ಅಂದ್ರಿ."

ಯಾಂಡೆಲ್‌ನ ಮುಖ ಕೆಂಪಾಯಿತು. "ಪಿಸ್ತೂಲು ಎಲ್ಲಿ?"

"ಕೋಟಿನ ಜೇಬಲ್ಲಿ. ಅದು ಆಚೆ ಬಂದೇ ಇಲ್ಲ. ಜೈಲಿಗೆ ಹಾಕ್ತೀರಾ? ಹಾಕಿ. ಮತ್ತೆ ಬಂದ್ರೆ ಮತ್ತೆ ಹೊಡೀತೀನಿ."

ಮೊಳೆಗೆ ತೂಗುಹಾಕಿದ್ದ ಕೆಂಪು ಉಣ್ಣೆ ಕೋಟಿನ ಬಲ ಜೇಬು ಸುಟ್ಟು ತೂತಾಗಿತ್ತು. ಒಳಗೆ ಅಂಗೈಯಗಲದ ರಿವಾಲ್ವರ್. ಟಿಲ್ಡಾ ಎರಡನ್ನೂ ಮಹಜರಿನಲ್ಲಿ ಬರೆದು ಸೀಲು ಮಾಡಿದಳು.

ಆ ರಿವಾಲ್ವರ್ ಮಾರಿದ ಹಾಲಿಸ್ ತನ್ನ ಬಂದೂಕಿನ ಅಂಗಡಿ ಮುಚ್ಚುವುದರಲ್ಲಿದ್ದ.

"ಹೆಂಗಸ್ರು ಅಂತ ಗುಲಾಬಿ ಬಣ್ಣದ್ದು ತೋರಿಸ್ದೆ. 'ಆಟದ ಸಾಮಾನು ಕೇಳ್ಲಿಲ್ಲ ಕಣಯ್ಯ' ಅಂದ್ಲು. ಚಳಿ ಶುರುವಾಗೋ ಮುಂಚೇನೇ ಆ ಕೆಂಪು ಕೋಟು ಹಾಕ್ಕೊಂಡು ಬಂದಿದ್ಲು ಸಾರ್. ಒಂದೊಂದರ ಗುಂಡೂ ಖಾಲಿ ಮಾಡಿಸಿ, ಜೇಬಿಗಿಟ್ಟು, ಕೂತು ಎದ್ದು ನೋಡಿದ್ಲು. ತೀರಾ ಹಗುರದ್ದು ಕೈಲಿ ಕುಣಿಯುತ್ತೆ ಅಂತ ಬಿಟ್ಲು. ಕೊನೆಗೆ ಇದು. ಇದರ ಹಿಂದೆ ಗುಂಡಿಗೆ ಬಡಿಯೋ ಕೊಕ್ಕೆ ಆಚೆ ಚಾಚಿರಲ್ಲ, ಜೇಬಿನ ಬಟ್ಟೆಗೆ ಸಿಕ್ಕಿಕೊಳ್ಳಲ್ಲ."

"ಇದು ಡೆಲ್‌ಗೆ ಗೊತ್ತಿತ್ತಾ?"

"ಬಾಗಿಲಲ್ಲಿ ನಿಂತು ನಗ್ತಿದ್ದ. 'ಜೇಬಿಂದ ಅದನ್ನ ಎಳೆಯೋಷ್ಟ್ರಲ್ಲಿ ನಾನು ಕಾಫಿ ಕುಡಿದು ಬರ್ತೀನಿ' ಅಂದ."

ಡೆಲ್ ಹುಟ್ಟಿದಾಗಿನಿಂದ ಸೊಂಟಕ್ಕೆ ಪಿಸ್ತೂಲು ಕಟ್ಟಿ ಮೆರೆದವನು. ಹೊರಗೆಳೆಯದ ಆಯುಧ ಅವನ ಲೆಕ್ಕದಲ್ಲಿ ಆಯುಧವೇ ಅಲ್ಲ.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಅವನ ಪ್ಯಾಂಟು ತಂದುಕೊಟ್ಟರು. ತೂತಿನ ಸುತ್ತ ಬಟ್ಟೆ ಸೀದುಹೋಗಿತ್ತು. ಗಾಯದಿಂದ ತೆಗೆದ ಕೆಂಪು ಎಳೆಗಳು ಪುಟ್ಟ ಸೀಸೆಯಲ್ಲಿದ್ದವು. ಯಾಂಡೆಲ್ ಸೀಸೆಯನ್ನು ಡೆಲ್‌ನ ಮುಖದ ಮುಂದೆ ಹಿಡಿದ.

"ನಾಲ್ಕು ಮಾರು ದೂರದಿಂದ ಅವಳ ಕೋಟಿನ ಉಣ್ಣೆ ಹಾರಿಬಂತಾ?"

"ಗಾಳಿ ಇತ್ತು."

"ಪಿಸ್ತೂಲು ಹೊಳೀತಿತ್ತು ಅಂದೆ. ಅದು ಜೇಬಿಂದ ಆಚೆ ಬಂದಿಲ್ಲ. ತೂತು ಜೇಬಲ್ಲಿದೆ."

"ಬರೋಕೆ ಬಿಟ್ಟಿದ್ರೆ ತಾನೆ!" ಡೆಲ್ ಕೂಗಿದ. "ಗೋಡೆಗೆ ಒತ್ತಿ, ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದೆ. ಕೈ ಒಳಗೇ ಇತ್ತು. ಹೇಗೆ ಹೊಡೀತಾಳೆ ಅವಳು..."

"ಟಿಲ್ಡಾ, ಬರ್ಕೋ," ಎಂದ ಯಾಂಡೆಲ್.

ಹಲ್ಲೆ, ಆಜ್ಞೆ ಉಲ್ಲಂಘನೆ, ಸುಳ್ಳು ದೂರು. ಕೋಳದ ಒಂದು ಬಳೆ ಅವನ ಕೈಗೆ, ಇನ್ನೊಂದು ಮಂಚಕ್ಕೆ ಬಿತ್ತು. ಯಾಕೆ ಹೀಗೆ ಮಾಡಿದೆ ಎಂದದ್ದಕ್ಕೆ ಡೆಲ್ ಒಂದೇ ಮಾತು ಹೇಳಿದ. ವೈನೋನಾ ಅವನನ್ನು ಬೇಡವೆಂದದ್ದು ಊರಿಗೆಲ್ಲ ಗೊತ್ತಾಗಿತ್ತು. ಅದು ಸುಳ್ಳೆಂದು ಅವಳ ಬಾಯಿಂದಲೇ ಹೇಳಿಸಬೇಕಿತ್ತು.

ಮರುದಿನ ಬೆಳಿಗ್ಗೆ ಹೇಳಿಕೆಗೆ ಸಹಿ ಹಾಕಿ ವೈನೋನಾ ಕೈ ಚಾಚಿದಳು. "ನನ್ನ ರಿವಾಲ್ವರ್?"

"ಸಾಕ್ಷಿ ಕಣಮ್ಮ. ಕೇಸು ಮುಗಿಯೋವರೆಗೂ ಕೊಡೋಕಾಗಲ್ಲ. ಕೋಟೂ ಅಷ್ಟೇ," ಎಂದ ಯಾಂಡೆಲ್. ಹೇಳಿಕೆಯನ್ನು ಕಡತದೊಳಗಿಡುತ್ತಾ, "ಎರಡು ಸಲ ನೀನು ಬಂದಿದ್ದೆ. ನಿನ್ನ ಮಾತು ಅವಾಗ್ಲೇ ಕೇಳ್ಬೇಕಿತ್ತು ನಾನು," ಎಂದ.

"ಹೌದು, ಕೇಳ್ಬೇಕಿತ್ತು. ಹಾಲಿಸ್ ಅಂಗಡಿ ಎಷ್ಟೊತ್ತಿಗೆ ತೆಗೀತಾನೆ?"

ಹೊರಗೆ ಚಳಿ ಕೊರೆಯುತ್ತಿತ್ತು. ಟಿಲ್ಡಾ ತನ್ನ ಕೋಟು ಬಿಚ್ಚಿಕೊಟ್ಟಳು. ವೈನೋನಾ ಅದನ್ನು ಹಾಕಿಕೊಳ್ಳುವ ಮೊದಲು ಬಲ ಜೇಬಿಗೆ ಕೈಯಿಟ್ಟು ಆಳ ನೋಡಿದಳು.